ಎರಡನೇ ಪ್ರತಿ

"ಇನ್ನೊಂದ್ಸಲ ಹಾಕು," ಎಂದರು ಕಿವಿಮಾಮ.

"ಹದಿನಾಲ್ಕು ಸಲ ಆಯ್ತು ಮಾಮ."

"ಹದಿನೈದು ಮಾಡು. ನಿನ್ನ ಗಂಟೇನೂ ಹೋಗಲ್ಲ."

ಹಾಡುಗಾರ್ತಿ ಹಲ್ಲು ಕಚ್ಚಿಕೊಂಡು ಮೇಜಿನ ಮೇಲಿದ್ದ ಎರಡೂ ಮೆಷೀನುಗಳ ಗುಂಡಿ ಒತ್ತಿದಳು. ಎಡಗಡೆಯದರಿಂದ ಅವಳ ದನಿ ಬಂತು, ಜೊತೆಗೆ ಒಂದೇ ಒಂದು ಗಿಟಾರ್. ಬಲಗಡೆಯದರಿಂದ ಬಂದದ್ದೂ ಅದೇ ಹಾಡು. ಆದರೆ ಅದರಲ್ಲಿ ಡ್ರಮ್ಮು, ಬೇಸು, ಇನ್ಯಾರದೋ ದಪ್ಪ ಗಂಟಲು.

ಬ್ಯಾಂಡು ಬಿಟ್ಟ ಹದಿನೆಂಟು ತಿಂಗಳಲ್ಲಿ ಅವಳು ಒಬ್ಬಳೇ ಕೂತು ಬರೆದ ಹನ್ನೊಂದು ಹಾಡುಗಳಲ್ಲಿ ಐದು, ಅವಳ ಆಲ್ಬಮ್ಮಿಗಿಂತ ಮೊದಲೇ ಹಳೇ ಬ್ಯಾಂಡಿನ ಹೆಸರಲ್ಲಿ ಹೊರಬಿದ್ದಿದ್ದವು. ಸಾಲದ್ದಕ್ಕೆ ಕದ್ದವಳು ಅವಳೇ ಅಂತ ಬ್ಯಾಂಡಿನವರು ಕಲಾವಿದರ ಸಂಘಕ್ಕೆ ದೂರನ್ನೂ ಕೊಟ್ಟಾಗಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ದೂರು ಇಡೀ ಆಲ್ಬಮ್ಮಿನ ಮೇಲಾದ್ದರಿಂದ, ತೀರ್ಪು ಅವಳ ವಿರುದ್ಧ ಬಂದರೆ ಹನ್ನೊಂದರಲ್ಲಿ ಒಂದನ್ನೂ ಅವಳು ಯಾವ ವೇದಿಕೆಯ ಮೇಲೂ ಹಾಡುವಂತಿಲ್ಲ. ಆಲ್ಬಮ್ಮೂ ಇಲ್ಲ, ಹೆಸರೂ ಇಲ್ಲ.

ಹೆಸರಿನ ಮಾತು ಬಿಡಿ, ಅದು ಆಗಲೇ ಅರ್ಧ ಹೋಗಿತ್ತು. ಹೋದ ವಾರ ಒಂದು ಪುಸ್ತಕದಂಗಡಿಯಲ್ಲಿ ಅವಳ ಕಾರ್ಯಕ್ರಮ. ನಲವತ್ತು ಕುರ್ಚಿ, ಮೂವತ್ತೆರಡು ಜನ. ಮೈಕಿನ ಸ್ಟ್ಯಾಂಡನ್ನೂ ಅವಳೇ ಹೊತ್ತುಕೊಂಡು ಹೋಗಿದ್ದಳು. ಎರಡನೇ ಹಾಡು ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಇದು ಆ ಬ್ಯಾಂಡಿನ ಹಾಡಲ್ವಾ? ಅವರನ್ನ ಕೇಳಿದ್ದೀರಾ?" ಅಂದಳು. ಕೇಳಿದ್ದು ಮರ್ಯಾದೆಯಿಂದಲೇ. ಅದಕ್ಕೇ ಹಾಡುಗಾರ್ತಿಗೆ ಹೆಚ್ಚು ಉರಿದದ್ದು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ತನ್ನದು ಅಂತ ಹೇಳಿಕೊಳ್ಳೋಕೆ ಅಲ್ಲಿ ಬಾಯೇ ಬರಲಿಲ್ಲ ಅಂತ ಕಿವಿಮಾಮನ ಮುಂದೆ ಕೂತು ಅತ್ತಿದ್ದಳು.

ಕಿವಿಮಾಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ರೇಡಿಯೋ ಕೇಂದ್ರದ ಧ್ವನಿಮುದ್ರಣ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿ ಬಂದ ಮನುಷ್ಯ. ಈಗ ದರ್ಜಿ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಕೂತು, ಪೊಲೀಸರು ಕೈಯಾಡಿಸಿ ಬಿಟ್ಟ ಕೇಸುಗಳನ್ನು ಕಿವಿಯಿಂದಲೇ ಬಿಡಿಸುವುದು ಅವರ ಕಸುಬು. ಹೆಂಡತಿ ಹೇಳುವ ಪ್ರಕಾರ, ಇಡೀ ಜಗತ್ತಿನ ಸದ್ದು ಕೇಳಿಸುವ ಆ ಕಿವಿಗೆ ಮನೆಯೊಳಗೆ ಕರೆದದ್ದು ಮಾತ್ರ ಕೇಳಿಸುವುದಿಲ್ಲ.

"ಸಾಕು, ನಿಲ್ಲಿಸು," ಎಂದು ಕಣ್ಣು ತೆರೆದರು. ಮೂಗಿನ ತುದಿ ಕೆಂಪಾಗಿತ್ತು. ಸುಳಿವು ಸಿಕ್ಕಾಗಲೂ ಸಿಟ್ಟು ಬಂದಾಗಲೂ ಅದು ಹಾಗೇ ಆಗುತ್ತದೆ. "ನಿನ್ನ ಶ್ರುತಿಗಿಂತ ಅವರದ್ದು ಒಂದು ಕೂದಲೆಳೆ ಮೇಲಿದೆ."

"ಇರಬಹುದು. ಅವರ ಹಾಡುಗಾರನ ಗಂಟಲಿಗೆ ಬೇಕಾದ ಹಾಗೆ ಏರಿಸ್ಕೊಂಡಿರ್ತಾರೆ."

"ಏರಿಸಿದ್ರೆ ಗಿಟಾರಿನ ಒಂದು ಮನೆ, ಅಂದ್ರೆ ಒಂದು ಸ್ವರಸ್ಥಾನ ಏರಿಸ್ಬೇಕು ಕಣಮ್ಮ. ಅರ್ಧ ಮನೆಯ ಅರ್ಧವನ್ನ ಯಾರಾದ್ರೂ ಏರಿಸ್ತಾರಾ? ಅದೂ ಐದಕ್ಕೈದು ಹಾಡು, ಒಂದೇ ಅಳತೆ! ನಾಲ್ಕು ದಿನದಿಂದ ಅಳೀತಿದ್ದೀನಿ, ನನ್ನ ಕಿವಿ ಸುಳ್ಳು ಹೇಳಲ್ಲ. ಒಂದು ಮಾತು ಹೇಳು. ಬ್ಯಾಂಡಲ್ಲಿ ಹೊಸ ಹಾಡು ಕಲಿಯೋವಾಗ ಗಿಟಾರಿನ ಶ್ರುತಿ ಹೇಗೆ ಮಾಡ್ಕೊಳ್ತಿದ್ರಿ?"

"ಟೇಪ್ ಹಾಕಿ, ಅದರ ಜೊತೆ ಸೇರಿಸ್ಕೋತಿದ್ವಿ. ಅಣ್ಣ ಹಾಕಿಕೊಟ್ಟ ಅಭ್ಯಾಸ. ಮೊದಲು ಟೇಪಿಗೆ ಶ್ರುತಿ ಕೂಡಿಸಿ, ಆಮೇಲೆ ಹಾಡು ಕಲೀರಿ ಅಂತಿದ್ದ."

ಅಣ್ಣ ಅಂದರೆ ಅವಳ ಒಡಹುಟ್ಟಿದ ಅಣ್ಣ. ಆ ಬ್ಯಾಂಡು ಕಟ್ಟಿದವನೇ ಅವನು. ತೀರಿಹೋಗಿ ನಾಲ್ಕು ವರ್ಷವಾಗಿತ್ತು.

"ಅಲ್ಲಿಗೆ ಸರಿಹೋಯ್ತು!" ಕಿವಿಮಾಮ ಮೇಜು ಗುದ್ದಿದರು. ಕೆಳಗೆ ದರ್ಜಿಯ ಹೊಲಿಗೆ ಮೆಷೀನು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. "ನಿಧಾನವಾಗಿ ಓಡೋ ಮೆಷೀನಲ್ಲಿ ತುಂಬಿಸಿದ ಟೇಪನ್ನ ಸರಿಯಾಗಿ ಓಡೋ ಮೆಷೀನಲ್ಲಿ ಹಾಕಿದ್ರೆ ಬೇಗ ಓಡತ್ತೆ. ಬೇಗ ಓಡಿದ್ರೆ ದನಿ ಏರತ್ತೆ. ಅವರ ಹತ್ರ ನಿನ್ನ ಕ್ಯಾಸೆಟ್ಟಿನ ಪ್ರತಿ ಇದೆ, ತುಂಬಿಸೋ ಕಡೆಯ ಬೆಲ್ಟು ಸಡಿಲವಾದ ಹಳೇ ಮೆಷೀನಲ್ಲಿ ಮಾಡಿದ್ದು. ಅದಕ್ಕೇ ಶ್ರುತಿ ಕೂಡಿಸಿಕೊಂಡು ನುಡಿಸಿದ್ದಾರೆ."

"ಹಂಗಾದ್ರೆ ನಾನು ಅನುಮಾನ ಪಟ್ಟ, ಆಲ್ಬಮ್ ಮುದ್ರಿಸಿದ ಸ್ಟುಡಿಯೋದವನು ಅಲ್ಲ?"

"ಅವನು ನಿನ್ನ ಕ್ಯಾಸೆಟ್ಟನ್ನ ಕಣ್ಣಲ್ಲೂ ನೋಡಿಲ್ಲ. ಅವನನ್ನ ಬಿಟ್ಟುಬಿಡು. ಇದು ನಿನ್ನ ಮನೆಯೊಳಗೆ ಕೈ ಹಾಕಿದವರ ಕೆಲಸ."

ಬ್ಯಾಂಡು ಬಿಟ್ಟ ಮೇಲೆ ಅವಳು ಫೋನಿನಲ್ಲಿ ಹಾಡು ತುಂಬಿಸುವುದನ್ನೇ ನಿಲ್ಲಿಸಿದ್ದಳು. ಎಲ್ಲಿ ಹೋಗಿ ಯಾರ ಕಿವಿಗೆ ಬೀಳುತ್ತದೋ ಎಂಬ ಹೆದರಿಕೆ. ಹಿಂದಿನ ಹಾಗೇ ಮೊದಲ ಕರಡನ್ನು ಅಂಗೈಯಗಲದ ರೆಕಾರ್ಡರಿನಲ್ಲಿ ಕ್ಯಾಸೆಟ್ಟಿಗೆ ಹಾಡಿ, ಶೂ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಕಪಾಟಿನ ಮೇಲಿಡುತ್ತಿದ್ದಳು. ಹನ್ನೊಂದು ಕ್ಯಾಸೆಟ್ಟೂ ಇವತ್ತಿಗೂ ಅಲ್ಲೇ ಇವೆ. ಒಂದೂ ಕಳೆದಿಲ್ಲ. ಅದಕ್ಕೇ ಅವಳಿಗೆ ಮನೆಯ ಕಡೆ ಅನುಮಾನವೇ ಬಂದಿರಲಿಲ್ಲ.

"ಮನೇಲಿ ಪ್ರತಿ ಮಾಡೋ ಮೆಷೀನ್ ಇದೆಯಾ?"

"ಅಣ್ಣಂದು ಎರಡು ಕ್ಯಾಸೆಟ್ ಹಾಕೋ ಡಬಲ್ ಡೆಕ್ ಒಂದಿದೆ. ಮೂಲೇಲಿ ಬಿದ್ದಿದೆ, ಯಾರೂ ಮುಟ್ಟಲ್ಲ. ಅಮ್ಮ ದಿನಾ ಧೂಳು ಒರೆಸ್ತಾಳೆ ಅಷ್ಟೆ, ಮಗಂದು ಅಂತ."

"ಮನೆಗೆ ಯಾರ್ಯಾರು ಬರ್ತಾರೆ?"

"ಯಾರೂ ಬರಲ್ಲ ಮಾಮ. ಅಮ್ಮ, ನಾನು. ಮಂಗಳವಾರ ಪಿಟೀಲು ಬರ್ತಾಳೆ."

ಪಿಟೀಲು ಎಂದರೆ ಪಿಟೀಲು ನುಡಿಸುವ ಗೆಳತಿ. ಹೆಸರಿಗಿಂತ ಅದೇ ಎಲ್ಲರ ಬಾಯಲ್ಲಿ ನಿಂತಿತ್ತು. ಇವಳ ಹಾಡಿಗೂ ನುಡಿಸುತ್ತಾಳೆ, ಕರೆದರೆ ಬ್ಯಾಂಡಿಗೂ ಹೋಗುತ್ತಾಳೆ. ಹಾಡುಗಾರ್ತಿ ಅಂಗಡಿಗೋ ಸ್ನಾನಕ್ಕೋ ಹೋದಾಗ ಕೋಣೆಯಲ್ಲಿ ಒಬ್ಬಳೇ ಕೂತಿರುತ್ತಾಳೆ. ಹಾಡುಗಾರ್ತಿಯ ತಾಯಿಗೆ ಕಿವಿ ಬಹುಪಾಲು ಕೇಳಿಸದು, ಪಕ್ಕದ ಕೋಣೆಯಲ್ಲಿ ಟೇಪು ಓಡಿದರೂ ತಿಳಿಯುವ ಹಾಗಿಲ್ಲ.

ಕಿವಿಮಾಮ ಹುಬ್ಬು ಮಾತ್ರ ಏರಿಸಿದರು. ಆ ಹುಬ್ಬೇ ಆಮೇಲೆ ಕೆಲಸ ಕೆಡಿಸಿತು.

"ಅವಳಾ? ಛೇ, ಇಲ್ಲ ಮಾಮ. ನಾಳೆ ನನ್ನ ಕಡೆ ಸಾಕ್ಷಿ ಹೇಳೋಳೇ ಅವಳು. ನಾನು ಈ ಹಾಡೆಲ್ಲ ಕಟ್ಟೋದನ್ನ ಕಣ್ಣಾರೆ ಕಂಡವಳು ಅವಳೊಬ್ಬಳೇ."

"ನಾನು ಯಾರ ಹೆಸರನ್ನೂ ಎತ್ತಿಲ್ಲ. ನಡಿ, ಕ್ಯಾಪ್ಟನ್ನಿನ ಬಾಯಿಂದಲೇ ಹೊರಡಿಸ್ತೀನಿ."

* * *

ಬ್ಯಾಂಡಿನ ಅಭ್ಯಾಸದ ಕೋಣೆ ಟೈರ್ ಗೋದಾಮಿನ ಹಿಂದಿತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು, ಸದ್ದು ಆಚೆ ಹೋಗದಿರಲಿ ಅಂತ. ರಬ್ಬರಿನ ವಾಸನೆಯಂತೂ ಒಳಗೆ ಬಾರದೆ ಇರಲಿಲ್ಲ. ಹಾಡುಗಾರ್ತಿಯನ್ನು ರಸ್ತೆಯಾಚೆಯ ಬಸ್ ತಂಗುದಾಣದಲ್ಲಿ ಕೂರಿಸಿ, "ಎಲ್ಲೂ ಹೋಗ್ಬೇಡ, ಯಾರಿಗೂ ಫೋನ್ ಮಾಡ್ಬೇಡ" ಎಂದು ಎರಡೆರಡು ಸಲ ಹೇಳಿ ಕಿವಿಮಾಮ ಒಬ್ಬರೇ ಒಳಗೆ ಹೋದರು.

ಕ್ಯಾಪ್ಟನ್ ನೆಲದ ಮೇಲೆ ಕೂತು ವೈರುಗಳನ್ನು ಸುತ್ತಿಡುತ್ತಿದ್ದ. ನಲವತ್ತರ ಆಸುಪಾಸಿನ ಗಂಡಸು, ಬ್ಯಾಂಡಿನ ಮುಖ್ಯಸ್ಥ, ಅಣ್ಣನ ಜೀವದ ಗೆಳೆಯನಾಗಿದ್ದವನು. ಅಣ್ಣ ಹೋದ ಮೇಲೆ ಅವನೇ ಚುಕ್ಕಾಣಿ ಹಿಡಿದದ್ದು. ಹಾಡುಗಾರ್ತಿ ಬರೆದ ಮೆತ್ತನೆಯ ಹಾಡುಗಳ ಮೇಲೆ ಡ್ರಮ್ಮಿನ ಮಳೆ ಸುರಿಸಿದವನೂ ಅವನೇ. ಅದನ್ನು ತಡೆಯಲಾರದೆ ಅವಳು ಹೊರಗೆ ಬಂದದ್ದು.

"ಬನ್ನಿ ಮಾಮ. ಕಾಫಿ ಕುಡೀತೀರಾ?"

"ಕಾಫಿ ಇರಲಿ. ಪಿಟೀಲು ಎಲ್ಲ ಒಪ್ಕೊಂಡಿದ್ದಾಳೆ," ಎಂದರು ಕಿವಿಮಾಮ ಕೂರುವ ಮೊದಲೇ.

ಹಸಿ ಸುಳ್ಳು. ಆದರೆ ಎಷ್ಟೋ ಕೇಸುಗಳಲ್ಲಿ ಬಾಣ ಇಲ್ಲೇ ನಾಟಿತ್ತು.

ಕ್ಯಾಪ್ಟನ್ ವೈರು ಸುತ್ತುವುದನ್ನು ನಿಲ್ಲಿಸಲಿಲ್ಲ. "ಏನಂತ ಒಪ್ಕೊಂಡಳು?"

"ಕ್ಯಾಸೆಟ್ ಪ್ರತಿ ಮಾಡಿ ನಿನಗೆ ತಂದುಕೊಟ್ಟಿದ್ದು."

ಕ್ಯಾಪ್ಟನ್ ತಲೆಯೆತ್ತಿ ನೋಡಿ ನಕ್ಕ. ಗೆದ್ದವನ ನಗೆಯಲ್ಲ ಅದು, ಪಾಪ ಎನ್ನುವ ನಗೆ. ಕಿವಿಮಾಮ ಇಂಗು ತಿಂದ ಮಂಗನಂತೆ ನಿಂತರು.

"ಕ್ಯಾಸೆಟ್ ಅಂತ ಹೇಗೆ ಗೊತ್ತಾಯ್ತು?"

"ಶ್ರುತಿ. ಕೂದಲೆಳೆಯಷ್ಟು ಮೇಲಿದೆ. ಐದರಲ್ಲೂ."

"ಅಬ್ಬಾ. ಭಲೇ ಕಿವಿ ನಿಮ್ಮದು. ನಮಗೆ ಯಾರಿಗೂ ತಿಳೀಲಿಲ್ಲ ನೋಡಿ. ಕೂತ್ಕೊಳ್ಳಿ, ಕೂತ್ಕೊಳ್ಳಿ, ಕಾಫಿ ಆಗತ್ತೆ."

ಕೆಟಲಿನಲ್ಲಿ ನೀರು ಕಾಯಲು ಇಟ್ಟ. ಲೋಟ ತೊಳೆದ. ಸಕ್ಕರೆ ಹುಡುಕಿದ. ಕಿವಿಮಾಮನಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಕಾಫಿ ಕೈಗೆ ಕೊಟ್ಟ ಮೇಲೆ ಕ್ಯಾಪ್ಟನ್ ಮೂಲೆಯ ಡ್ರಾಯರು ಎಳೆದು ಒಂದು ಕಟ್ಟು ತೆಗೆದು ಅವರ ತೊಡೆಯ ಮೇಲಿಟ್ಟ.

ಕಂದು ಬಣ್ಣದ ಲಕೋಟೆಗಳು. ಏಳು. ಎಲ್ಲದರ ಮೇಲೂ ಅಂಚೆ ಮುದ್ರೆ, ತಾರೀಖು. ಎಡಮೂಲೆಯಲ್ಲಿ ಕಳಿಸಿದವರ ವಿಳಾಸ, ಸ್ಕೇಲು ಇಟ್ಟು ಬರೆದಷ್ಟು ನೆಟ್ಟಗಿನ ಅಕ್ಷರ. ಅದು ಹಾಡುಗಾರ್ತಿಯದೇ ಮನೆಯ ವಿಳಾಸ.

"ತೆಗೆದು ನೋಡಿ," ಎಂದ ಕ್ಯಾಪ್ಟನ್. "ನಾನು ಯಾರ ಮನೆಗೂ ಕನ್ನ ಹಾಕಿಲ್ಲ."

ಮೊದಲ ಲಕೋಟೆಯಲ್ಲಿ ಕ್ಯಾಸೆಟ್ಟು, ಅದಕ್ಕೆ ಸುತ್ತಿದ ಒಂದು ಚೀಟಿ. ಕಿವಿಮಾಮ ಕನ್ನಡಕ ಹಾಕಿಕೊಂಡು ಓದಿದರು.

"ಮಗು, ಈ ಸಲದ ಹಾಡಿಗೆ ಡ್ರಮ್ ಜಾಸ್ತಿ ಬೇಡ. ತುಂಬಿಸೋವಾಗ ಸದ್ದು ತೋರಿಸೋ ಸೂಜಿ ಒಂದು ಸಲಾನೂ ಕೆಂಪಿಗೆ ಹೋಗಲಿಲ್ಲ, ಅಂದ್ರೆ ಪುಟ್ಟಿ ಮೆತ್ತಗೆ ಹಾಡಿದ್ದಾಳೆ. ನೀವೂ ಮೆತ್ತಗೆ ನುಡಿಸಿ. ಅವಳು ತುಂಬ ಇಳಿದುಹೋಗಿದ್ದಾಳೆ, ಮಧ್ಯಾಹ್ನ ಊಟ ಮಾಡ್ತಾಳಾ ಸ್ವಲ್ಪ ನೋಡ್ಕೋ. ಅಮ್ಮ."

ಕಿವಿಮಾಮ ಮತ್ತೊಮ್ಮೆ ಓದಿದರು. ಕಾಫಿ ಕುಡಿಯಲು ಮರೆತೇ ಹೋಯಿತು.

"ಒಂಬತ್ತು ವರ್ಷದಿಂದ ಅದು ಅಮ್ಮನ ಕೆಲಸ," ಎಂದ ಕ್ಯಾಪ್ಟನ್, ಮತ್ತೆ ನೆಲದ ಮೇಲೆ ಕೂತು. "ಪುಟ್ಟಿ ಕರಡು ಹಾಡಿ ಡಬ್ಬೀಲಿ ಇಡೋಳು. ಅಮ್ಮ ಡಬಲ್ ಡೆಕ್ಕಲ್ಲಿ ಪ್ರತಿ ತೆಗೆದು ನಮಗೆ ಅಂಚೆಗೆ ಹಾಕೋರು. ನಮ್ಮ ಕಾಪಿ ಇಲಾಖೆ ಅಂತ ಪುಟ್ಟಿಯ ಅಣ್ಣ ತಮಾಷೆ ಮಾಡೋನು. ಕಿವಿ ಹೋದ ಮೇಲೂ ಬಿಡಲಿಲ್ಲ, ಸೂಜಿ ನೋಡ್ಕೊಂಡು ಮಾಡ್ತಿದ್ರು. ಮೆಷೀನ್ ನಿಧಾನ ಆಗಿದೆ ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು?"

"ಅವಳು ಬ್ಯಾಂಡ್ ಬಿಟ್ಟು ಹದಿನೆಂಟು ತಿಂಗಳಾಯ್ತಲ್ಲಯ್ಯಾ!"

"ಅಮ್ಮನಿಗೆ ಯಾರು ಹೇಳಿದ್ದಾರೆ?"

ಮೊಟ್ಟೆಯ ಟ್ರೇಗಳ ಆ ಕೋಣೆಯಲ್ಲಿ ಮಾತು ಆಡಿದಲ್ಲೇ ಸತ್ತು ಬೀಳುತ್ತಿತ್ತು.

"ಪುಟ್ಟಿ ಹೇಳಲಿಲ್ಲ," ಎಂದ ಕ್ಯಾಪ್ಟನ್. "ದಿನಾ ಗಿಟಾರ್ ಹೆಗಲಿಗೆ ಹಾಕ್ಕೊಂಡು ಅದೇ ಹೊತ್ತಿಗೆ ಹೊರಡ್ತಾಳೆ. ಅಮ್ಮ ಅಂದ್ಕೊಂಡಿರೋದು ಇಲ್ಲಿಗೇ ಬರ್ತಾಳೆ ಅಂತ."

"ನೀನು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು."

"ಮತ್ತೆ?"

ಕ್ಯಾಪ್ಟನ್ ವೈರಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ. "ಮೊದಲನೇದು ಬಂದಾಗ ವಾಪಸ್ ಕಳಿಸೋಣ ಅಂತಾನೇ ಇದ್ದೆ. ನನ್ನ ಮಕ್ಕಳಾಣೆ. ಒಂದು ಸಲ ಕೇಳೋಣ ಅಂತ ಹಾಕಿದೆ, ಅಷ್ಟೆ. ಅವಳು ಹೋದ ಮೇಲೆ ನಮ್ಮಲ್ಲಿ ಒಬ್ಬರಿಗೂ ಒಂದು ಸಾಲು ಬರೆಯೋಕೆ ಬರಲಿಲ್ಲ ಮಾಮ. ಅವನು ಕಟ್ಟಿದ ಬ್ಯಾಂಡು ನನ್ನ ಕೈಯಲ್ಲಿ ಸಾಯ್ತಿತ್ತು. ಅವಳ ಹಾಡು ಕೇಳಿದಾಗ ಅವನೇ ವಾಪಸ್ ಬಂದ ಹಾಗಾಯ್ತು."

"ಅದಕ್ಕೇ ಅವಳನ್ನ ಕಳ್ಳಿ ಮಾಡಿದ್ಯಾ?"

"ಅವಳು ಅದನ್ನೇ ತನ್ನದು ಅಂತ ಹಾಡೋಕೆ ಶುರು ಮಾಡಿದಳು. ನಾವು ಸುಮ್ಮನಿದ್ರೆ ಕಳ್ಳರು ನಾವಾಗ್ತಿದ್ವಿ."

"ಅವಳದ್ದೇ ಅಲ್ವೇನಯ್ಯಾ!"

"ಅವಳದ್ದೇ," ಎಂದ ಕ್ಯಾಪ್ಟನ್ ತಣ್ಣಗೆ. "ನಾಳೆ ಈ ಲಕೋಟೆ ಸಂಘದ ಸಮಿತಿ ಮುಂದೆ ಇಡ್ತೀನಿ. ಅವಳದ್ದೇ ಹಾಡು, ಅವಳದ್ದೇ ಮನೆಯಿಂದ ಕಳಿಸಿದ್ದು, ಒಂಬತ್ತು ವರ್ಷ ಕಳಿಸಿದ ಹಾಗೇ, ಅದೇ ಕೈಬರಹದಲ್ಲಿ. ಈಗ ಹೇಳಿ, ಕೊಟ್ಟಿದ್ದು ಅನ್ನೋಣವೋ ಕದ್ದಿದ್ದು ಅನ್ನೋಣವೋ?"

ಕಿವಿಮಾಮ ಬಂದ ದಾರಿಗೆ ಸುಂಕವಿಲ್ಲದವರಂತೆ ಎದ್ದು ಹೊರಟರು. ಬಾಗಿಲ ಹತ್ತಿರ ಹೋಗಿ ತಿರುಗಿ, "ಏಳಿವೆಯಲ್ಲ, ಐದು ತಾನೇ ಹೊರಬಂದಿದ್ದು?" ಎಂದರು.

"ಉಳಿದೆರಡು ಮುಂದಿನ ತಿಂಗಳು," ಎಂದ ಕ್ಯಾಪ್ಟನ್. "ಇನ್ನೊಂದು ಲೋಟ ಕುಡೀರಿ ಮಾಮ, ಅವಸರ ಏನಿದೆ?"

* * *

ಹೊರಗೆ ಬಂದು ಕೈಗಡಿಯಾರ ನೋಡಿದರೆ ಒಳಗೆ ಹೋಗಿ ಒಂದೂಕಾಲು ಗಂಟೆಯಾಗಿಹೋಗಿತ್ತು. ಬಿಸಿಲು ಇಳಿದು ಗೋದಾಮಿನ ನೆರಳು ರಸ್ತೆ ದಾಟಿತ್ತು. ತಂಗುದಾಣದ ಬೆಂಚಿನ ಮೇಲೆ ಹಾಡುಗಾರ್ತಿ ಗಿಟಾರಿನ ಚೀಲವನ್ನು ಅಪ್ಪಿಕೊಂಡು ಕೂತಿದ್ದಳು. ಪಕ್ಕದಲ್ಲಿ ತರಕಾರಿ ಚೀಲದ ಹೆಂಗಸೊಬ್ಬಳು, ಆಚೆ ಪತ್ರಿಕೆ ಓದುವ ಮುದುಕ.

"ಮಾಮ, ನಾನು ತಪ್ಪು ಮಾಡ್ಬಿಟ್ಟೆ," ಎಂದಳು ಅವರು ಬಾಯಿ ತೆರೆಯುವ ಮೊದಲೇ. "ಪಿಟೀಲಿಗೆ ಫೋನ್ ಮಾಡಿದೆ. ತಡ್ಕೊಳ್ಳೋಕೆ ಆಗಲಿಲ್ಲ. ಮನೆಹಾಳಿ ಅಂದೆ. ಬಾಯಿಗೆ ಬಂದ ಹಾಗೆ ಅಂದೆ. ನಿನ್ನ ಸಹವಾಸನೂ ಬೇಡ, ನಾಳೆ ನಿನ್ನ ಪರ ಸಾಕ್ಷಿ ಹೇಳೋದೂ ಬೇಡ ಅಂತ ಅವಳು ಇಟ್ಟುಬಿಟ್ಟಳು. ಅವಳೇ ತಾನೇ ಮಾಮ? ಅವಳೇ ಅಂತ ಹೇಳಿ."

ಕಿವಿಮಾಮ ಅವಳ ಪಕ್ಕ ಕುಸಿದು ಕೂತರು. ಇಪ್ಪತ್ತಾರು ವರ್ಷದ ಕಿವಿ ಎಂದು ಬೀಗುತ್ತಿದ್ದವರಿಗೆ ಆಗ ತಮ್ಮ ಕಿವಿಗೇ ಎರಡು ಬಿಟ್ಟುಕೊಳ್ಳಬೇಕು ಅನಿಸಿತು. ಟೇಪು ಯಾವ ಮೆಷೀನಿನದೆಂದು ತಿಳಿದಿತ್ತು, ಆ ಮೆಷೀನಿನ ಧೂಳು ದಿನಾ ಒರೆಸುವವರು ಯಾರೆಂದೂ ಕೇಳಿಸಿಕೊಂಡಿದ್ದರು. ಆದರೂ ತಾಯಿಯ ಕಡೆ ತಲೆ ಹೋಗಲಿಲ್ಲ. ಕಿವುಡಿ ಟೇಪು ಮುಟ್ಟುವುದುಂಟೇ ಅಂತ ತಾವೇ ತೀರ್ಮಾನಿಸಿ, ಹುಬ್ಬು ಏರಿಸಿ, ಈ ಹುಡುಗಿಯ ಒಬ್ಬಳೇ ಸಾಕ್ಷಿಯನ್ನು ಕೈಯಾರೆ ಕಳೆದುಹಾಕಿದ್ದರು.

"ಅವಳಲ್ಲ ಕಣಮ್ಮ," ಎಂದರು.

ಆಮೇಲೆ ಹೇಳಿದರು. ಸುತ್ತಿಬಳಸಿ ಹೇಳಲು ನೋಡಿದರು, ಆಗಲಿಲ್ಲ. ಲಕೋಟೆ, ಸೂಜಿ, ಚೀಟಿಯಲ್ಲಿದ್ದ ಊಟದ ಮಾತು, ಎಲ್ಲವನ್ನೂ ಹೇಳಿಬಿಟ್ಟರು.

ಅವಳು ಅಳುತ್ತಾಳೆಂದುಕೊಂಡಿದ್ದರು. ಅಳಲಿಲ್ಲ. ಗಿಟಾರಿನ ಚೀಲದ ಜಿಪ್ಪನ್ನು ಎಳೆದಳು, ಹಾಕಿದಳು, ಮತ್ತೆ ಎಳೆದಳು.

"ಹೇಳ್ಬೇಕು ಅಂತ ಎಷ್ಟು ಸಲ ಹೋಗಿದ್ದೀನಿ ಗೊತ್ತಾ ಮಾಮ. ಮೊದಲನೇ ದಿನಾನೇ ಹೋದೆ. ಅಮ್ಮ ಅಣ್ಣನ ಡೆಕ್ಕಿಗೆ ಬಟ್ಟೆ ಹೊದಿಸ್ತಾ ಇದ್ಲು. ನನ್ನ ನೋಡಿ, 'ನೀನು ಅಲ್ಲಿ ಇರೋ ತನಕ ಅವನು ಪೂರ್ತಿ ಹೋದ ಅಂತ ನನಗೆ ಅನಿಸಲ್ಲ ಕಣೆ' ಅಂದ್ಲು. ಅದಾದ ಮೇಲೆ ಹೇಗೆ ಹೇಳ್ಲಿ? ನಾಳೆ ಹೇಳಿದ್ರಾಯ್ತು, ಆಲ್ಬಮ್ ಬಂದ ಮೇಲೆ ಹೇಳಿದ್ರಾಯ್ತು, ಕೈಗೆ ಕೊಟ್ಟು ನೋಡು ಇದು ನಂದೇ ಅಂತ... ಪ್ರತಿ ಮಾಡೋದನ್ನ ಅವಳು ಎಂದೋ ಬಿಟ್ಟಿದ್ದಾಳೆ ಅಂದ್ಕೊಂಡಿದ್ದೆ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ."

"ಇದಕ್ಕೆ ಒಂದೇ ದಾರಿ ಇರೋದು," ಎಂದರು ಕಿವಿಮಾಮ. "ಬ್ಯಾಂಡ್ ಬಿಟ್ಟಿದ್ದು ತಾಯಿಗೆ ಗೊತ್ತೇ ಇರಲಿಲ್ಲ, ಗೊತ್ತಿಲ್ಲದೆ ಕಳಿಸಿದ್ರು ಅಂತ ಸಮಿತಿಗೆ ಹೇಳ್ಬೇಕು. ಅದನ್ನ ಅವರ ಬಾಯಿಂದಲೇ ಹೇಳಿಸ್ಬೇಕು. ಬೇರೆ ಯಾರು ಹೇಳಿದ್ರೂ ನಂಬಲ್ಲ."

"ಅಂದ್ರೆ ಅಮ್ಮನಿಗೆ ಎಲ್ಲಾನೂ ಹೇಳ್ಬೇಕು. ನಾನು ಅಣ್ಣನ ಬ್ಯಾಂಡ್ ಬಿಟ್ಟೆ ಅಂತ. ನನ್ನನ್ನ ಈ ಸ್ಥಿತಿಗೆ ತಂದಿದ್ದು ನಿನ್ನ ಕೈ ಅಂತ."

"ಹೂಂ."

"ಹೇಳದೆ ಇದ್ರೆ?"

"ಹಾಡು ಹೋಗತ್ತೆ. ಹನ್ನೊಂದೂ ಹೋಗತ್ತೆ."

ಬಸ್ಸೊಂದು ಬಂದು ನಿಂತು ಹೋಯಿತು. ತರಕಾರಿಯ ಹೆಂಗಸು ಹತ್ತಲಿಲ್ಲ. ಇವರ ಮಾತು ಅರ್ಧಕ್ಕೆ ಬಿಟ್ಟು ಹೋಗಲು ಅವಳಿಗೆ ಮನಸ್ಸಾದಂತಿರಲಿಲ್ಲ.

"ಹೋದ್ರೆ ಹೋಗಲಿ ಅನ್ಸತ್ತೆ ಮಾಮ," ಎಂದಳು ಹಾಡುಗಾರ್ತಿ. "ಬೇರೆ ಬರೀತೀನಿ ಅನ್ಸತ್ತೆ. ಆದ್ರೆ ಬರೆಯೋಕೆ ಆಗಲ್ಲ. ಮೂರು ತಿಂಗಳಿಂದ ಒಂದು ಸಾಲು ಬಂದಿಲ್ಲ. ಪೆನ್ ಹಿಡಿದ್ರೆ ಇದನ್ನೂ ಯಾರೋ ಮೊದಲೇ ಹಾಡಿದ್ದಾರೆ ಅನ್ನಿಸಿ ಕೈ ನಿಂತುಹೋಗತ್ತೆ. ಇದ್ದಿದ್ದು ಇಷ್ಟೇ. ಈ ಹನ್ನೊಂದೇ."

ಕಿವಿಮಾಮ ಸುಮ್ಮನೆ ಅವಳ ಬೆನ್ನು ತಟ್ಟಿದರು.

ಅವಳೇ ಎದ್ದಳು. ಚೀಲ ಹೆಗಲಿಗೇರಿಸಿದಳು. "ನಡೀರಿ. ಮನೆಗೆ ಹೋಗೋಣ. ಎದುರು ಕೂತು ಹೇಳ್ತೀನಿ. ಎದುರು ಕೂತ್ರೆ ನನ್ನ ತುಟಿ ನೋಡಿ ಅವಳಿಗೆ ಎಲ್ಲ ಅರ್ಥ ಆಗತ್ತೆ. ಅಳ್ತಾಳೆ. ಅಳಲಿ. ನಾನೂ ಅಳ್ತೀನಿ. ನಾಳೆ ಇಬ್ಬರೂ ಕೈ ಹಿಡ್ಕೊಂಡು ಹೋಗ್ತೀವಿ."

"ಅದು ಮಾತು!" ಎಂದು ಕಿವಿಮಾಮ ಎದ್ದುನಿಂತರು. ಇಡೀ ದಿನದಲ್ಲಿ ಅವರಿಗೆ ಉಸಿರಾಡಿದ ಹಾಗಾದದ್ದು ಆಗ ಒಮ್ಮೆ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಅಮ್ಮ," ಎಂದಳು ಪರದೆ ನೋಡಿ.

ಅಮ್ಮನ ಫೋನೆಂದರೆ ರೇಡಿಯೋ ಇದ್ದ ಹಾಗೆ. ಆ ಕಡೆಯಿಂದ ಬರುತ್ತದೆ, ಈ ಕಡೆಯಿಂದ ಏನೂ ಹೋಗುವುದಿಲ್ಲ. ಫೋನಿನಲ್ಲಿ ಅವರಿಗೆ ಒಂದಕ್ಷರವೂ ಕೇಳಿಸದು, ಸಂದೇಶ ತೆರೆದು ಓದುವುದಂತೂ ಕಲಿತೇ ಇಲ್ಲ. ಹೇಳಬೇಕಾದ್ದನ್ನು ಗಟ್ಟಿಯಾಗಿ ಹೇಳಿ ಇಟ್ಟುಬಿಡುವುದು ಅವರ ಪದ್ಧತಿ. ಎತ್ತುವ ಮೊದಲೇ ಸ್ಪೀಕರ್ ಮೇಲೆ ಬೆರಳಿಡುವುದು ಮಗಳ ಪದ್ಧತಿ.

"ಪುಟ್ಟೀ, ನಾನು ಕಣೇ!" ದನಿ ಬಸ್ ತಂಗುದಾಣಕ್ಕೆಲ್ಲ ಕೇಳಿಸಿತು. ಮುದುಕ ಪತ್ರಿಕೆ ಕೆಳಗಿಳಿಸಿದ. "ಮನೆಗೆ ಬಂದು ನನ್ನ ಹುಡುಕಬೇಡ. ನಾನು ಕಾರಲ್ಲಿದ್ದೀನಿ. ಕ್ಯಾಪ್ಟನ್ನಿನ ಹೆಂಡತಿ ಬಂದು ಕರ್ಕೊಂಡು ಹೋಗ್ತಿದ್ದಾಳೆ. ಇವತ್ತು ಅವರ ಮನೇಲೇ ಇರ್ತೀನಿ, ನಾಳೆ ಅಲ್ಲಿಂದಲೇ ನೇರ ಬರೋದು."

ಹಾಡುಗಾರ್ತಿ ಫೋನಿನ ಮೇಲೆ ಬಗ್ಗಿದಳು. "ಎಲ್ಲಿಗೆ? ಅಮ್ಮಾ, ಎಲ್ಲಿಗೆ ಬರೋದು?"

"ನೀನು ಒಂದು ಮಾತೂ ಹೇಳಲಿಲ್ವಲ್ಲೇ! ನನಗೆ ಬೇಜಾರಾಗತ್ತೆ ಅಂತ ತಾನೇ? ಬೆಳಿಗ್ಗೆ ನೀನು ಹೊರಟ ಮೇಲೆ ಕ್ಯಾಪ್ಟನ್ ಬಂದು ಎಲ್ಲ ಬರೆದು ತೋರಿಸಿದ. ಯಾವಳೋ ಕಳ್ಳಿ ನಿಮ್ಮ ಹಾಡೆಲ್ಲ ತನ್ನದು ಅಂತ ಹೇಳ್ಕೊಂಡು ಊರೂರು ಹಾಡ್ತಿದ್ದಾಳಂತೆ. ನನ್ನ ಮಗಳು ರಕ್ತ ಬಸಿದು ಬರೆದಿದ್ದನ್ನ! ನಾಳೆ ಹತ್ತಕ್ಕೆ ನಾನೇ ಸಾಕ್ಷಿ ಹೇಳ್ಬೇಕಂತೆ, ಟೇಪೆಲ್ಲ ಕಳಿಸಿದ್ದು ನಾನೇ ಅಲ್ವಾ. ನನ್ನ ಮಗ ಕಟ್ಟಿದ ಬ್ಯಾಂಡಿಗೆ, ನನ್ನ ಮಗಳ ಹಾಡನ್ನ, ನಾನೇ ನನ್ನ ಕೈಯಾರೆ ಕಳಿಸ್ತಿದ್ದೆ ಅಂತ ಹೇಳ್ತೀನಿ. ಆ ಕಳ್ಳಿ ಮುಖ ನೋಡ್ಕೊಂಡೇ ಹೇಳ್ತೀನಿ. ಇನ್ನು ಜನ್ಮದಲ್ಲಿ ಹಾಡಬಾರದು ಅವಳು, ಹಾಗೆ ಹೇಳ್ತೀನಿ ನೋಡು."

"ಅಮ್ಮಾ," ಎಂದಳು ಹಾಡುಗಾರ್ತಿ.

"ಆ ಮಾಮ ಕಾಫಿ ಕುಡಿದು ಹೋಗೋ ಅಷ್ಟರಲ್ಲಿ ಹೊರಟುಬಿಡಿ ಅಂತ ಕ್ಯಾಪ್ಟನ್ ಇವಳಿಗೆ ಸಂದೇಶ ಕಳಿಸಿದ್ನಂತೆ. ಯಾವ ಮಾಮನೋ ಏನೋ. ಅವಸರದಲ್ಲಿ ಸರಿಯಾದ ಬಟ್ಟೆನೂ ತಗೊಳ್ಳಲಿಲ್ಲ ನಾನು."

ಕಿವಿಮಾಮ ತಲೆ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತುಬಿಟ್ಟರು.

"ಅಮ್ಮಾ, ಇಳಿ! ಕಾರು ನಿಲ್ಲಿಸಿ ಇಳಿ!" ಹಾಡುಗಾರ್ತಿ ಫೋನನ್ನು ಬಾಯಿಗೆ ಒತ್ತಿ ಹಿಡಿದು ಕಿರುಚಿದಳು. "ಆ ಕಳ್ಳಿ ನಾನೇ ಅಮ್ಮಾ! ನಾನೇ! ಕೇಳಿಸ್ತಾ? ನಾನೇ ಅಮ್ಮಾ!"

ಆ ಕಡೆ ಕಾರಿನ ಹಾರನ್ನು, ಒಬ್ಬ ಹೆಂಗಸಿನ ಮೆಲುನಗು. ಆಮೇಲೆ ಅಮ್ಮನ ದನಿ, ಅಷ್ಟೇ ಗಟ್ಟಿಯಾಗಿ, ಅಷ್ಟೇ ಸಂತೋಷವಾಗಿ.

"ಸರಿ, ಇಡ್ತೀನಿ. ನೀನು ನಾಳೆ ಮುಂದಿನ ಸಾಲಲ್ಲೇ ಕೂತ್ಕೋ ಪುಟ್ಟಿ. ಅಷ್ಟು ಜನರ ಮುಂದೆ ಮಾತಾಡಿ ಅಭ್ಯಾಸ ಇಲ್ಲ ನನಗೆ. ನಿನ್ನ ಮುಖ ನೋಡ್ತಿದ್ರೆ ಧೈರ್ಯ ಬರತ್ತೆ."